ಕತ್ತಲಲ್ಲಿ ಕಣ್ಣು ಚುರುಕಾದರೆ ಮೈ ಬದಲಾಗುತ್ತಿದೆ ಎಂದೇ?

ಓದುಗರ ಪ್ರಶ್ನೆ, ಕಣ್ಣಿನ ವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಕನಕಗಿರಿ ಸೀಮೆಯ ಕುರಿಗಾರರ ಮನೆತನ. ನನಗೆ 23 ವರ್ಷ. ದೀಪಾವಳಿಯ ಹಿಂದಿನ ವಾರ ರಾತ್ರಿ ಹಟ್ಟಿ ಕಾಯುತ್ತಿದ್ದಾಗ ತೋಳವೋ ನಾಯಿಯೋ ತಿಳಿಯದ ಒಂದು ಪ್ರಾಣಿ ಬಲೆಯೊಳಗೆ ನುಗ್ಗಿತು. ಅಟ್ಟಲು ಹೋದಾಗ ನನ್ನ ಎಡಗಾಲಿನ ಮೀನಖಂಡಕ್ಕೆ ಹಲ್ಲು ತಾಗಿಸಿ ಓಡಿಹೋಯಿತು. ಆಸ್ಪತ್ರೆಗೆ ಹೋಗಲಿಲ್ಲ. ಊರಿನ ಹಿರಿಯರೊಬ್ಬರು ಸೊಪ್ಪು ಅರೆದು ಕಟ್ಟಿ, ಪ್ರತಿ ಅಮಾವಾಸ್ಯೆಗೆ ನುಂಗಲು ಕಪ್ಪು ಉಂಡೆಗಳನ್ನು ಕೊಟ್ಟರು. ಈಗ ನಾಲ್ಕು ತಿಂಗಳಾಯಿತು. ಬ್ಯಾಟರಿ ಇಲ್ಲದೆಯೇ ನನಗೆ ಕತ್ತಲಲ್ಲಿ ದಾರಿ, ಕಲ್ಲು, ಜಾಲಿಮುಳ್ಳು, ದೂರದಲ್ಲಿ ಮಲಗಿದ ಮರಿ ಎಲ್ಲವೂ ಕಾಣುತ್ತವೆ. ಹಗಲಿನಲ್ಲಿ ಬಿಸಿಲಿಗೆ ಕಣ್ಣು ತೆರೆಯಲಾಗುವುದಿಲ್ಲ, ಮೊಬೈಲಿನ ಅಕ್ಷರಗಳು ಕಲಸಿದಂತಾಗುತ್ತವೆ. ಅಮಾವಾಸ್ಯೆಯ ಆಸುಪಾಸಿನ ಎರಡು ಮೂರು ದಿನ ಇದು ಹೆಚ್ಚು. ಕೈ ಮತ್ತು ಎದೆಯ ಕೂದಲು ದಟ್ಟವಾಗಿದೆ, ಕೋರೆಹಲ್ಲು ಚೂಪಾದಂತೆ ನಾಲಿಗೆಗೆ ತಿಳಿಯುತ್ತದೆ. ರಾತ್ರಿ ಬುಡ್ಡಿದೀಪದ ಬೆಳಕಿನಲ್ಲಿ ಕನ್ನಡಿ ನೋಡಿಕೊಂಡರೆ ನನ್ನ ಮುಖ ಹೋಗಿ ಬೇರೊಂದು ಮುಖ ಬರುತ್ತದೆ. ನಮ್ಮ ನಾಯಿಗಳೇ ನನ್ನನ್ನು ಕಂಡು ಗುರುಗುಟ್ಟುತ್ತವೆ. ನಾನು ತೋಳವಾಗುತ್ತಿದ್ದೇನೆ ಎಂಬುದು ದಿನದಿನಕ್ಕೆ ಖಚಿತವಾಗುತ್ತಿದೆ. ನನ್ನಿಂದ ಕುರಿಗಳಿಗೆ ಅಪಾಯವಾಗಬಾರದೆಂದು ಹಟ್ಟಿಯಿಂದ ದೂರ ಮಲಗುತ್ತೇನೆ. ಎರಡು ಮೂರು ತಾಸಿಗಿಂತ ಹೆಚ್ಚು ನಿದ್ದೆ ಬರುವುದಿಲ್ಲ. ಇದಕ್ಕೆ ಮದ್ದಿದೆಯೇ? ದಯವಿಟ್ಟು ನಗಬೇಡಿ.
— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ನಗುವ ಮಾತೇ ಇಲ್ಲ. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮನೋವೈದ್ಯರಾದ ನನ್ನ ಸಹೋದ್ಯೋಗಿಯೊಬ್ಬರಿಗೂ ನಿಮ್ಮ ಗುರುತು ಸಿಗದಂತೆ ಓದಿ ಹೇಳಿದೆ. ಪತ್ರದಲ್ಲಿ ನೀವು ಕಂಡ ಸಂಗತಿಗಳಿವೆ, ಕಂಡದ್ದಕ್ಕೆ ನೀವು ಕೊಟ್ಟುಕೊಂಡ ಅರ್ಥವೂ ಇದೆ. ಕಂಡದ್ದನ್ನು ನಾನು ಹೆಚ್ಚುಕಡಿಮೆ ಪೂರ್ತಿಯಾಗಿ ನಂಬುತ್ತೇನೆ. ಅರ್ಥವನ್ನು ಒಪ್ಪುವುದಿಲ್ಲ. ಈ ಮಾತನ್ನು ಮೊದಲೇ ನೇರವಾಗಿ ಹೇಳಿಬಿಡುವುದು ನಿಮಗೆ ಸಲ್ಲಬೇಕಾದ ಗೌರವವೆಂದು ಭಾವಿಸಿದ್ದೇನೆ, ಏಕೆಂದರೆ ನಿಮ್ಮ ಸಮಾಧಾನಕ್ಕೆಂದು ಹೂಂಗುಟ್ಟಿದರೆ ಮುಂದೆ ನಾನು ಹೇಳುವ ಯಾವ ಮಾತಿಗೂ ಬೆಲೆ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ಕಾಲಿನ ವಿಷಯ. ಪ್ರಾಣಿಯ ಹಲ್ಲು ತಾಗಿ ನಾಲ್ಕು ತಿಂಗಳಾದರೂ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವ ಕಾಲ ಮೀರಿಲ್ಲ. ರೋಗಾಣು ಮೈಯಲ್ಲಿ ಅಡಗಿರುವ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಾದರೂ, ಕೆಲವರಲ್ಲಿ ವರ್ಷಕ್ಕೂ ಮೀರಿ ಹೋಗಬಹುದು. ಆದುದರಿಂದ ಎಷ್ಟೇ ತಡವಾಗಿ ಬಂದರೂ ಲಸಿಕೆ ಕೊಡಬೇಕೆಂಬುದೇ ವೈದ್ಯಕೀಯದ ನಿಯಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ, ಚರ್ಮದೊಳಗೆ ಕೊಡುವ ಚುಚ್ಚುಮದ್ದಾಗಿ, ಮೊದಲ ದಿನ ಹಾಗೂ ಅಲ್ಲಿಂದ 3, 7 ಮತ್ತು 28ನೇ ದಿನ ಹಾಕುತ್ತಾರೆ. ಗಾಯದ ಸುತ್ತ ಕೊಡುವ ಇನ್ನೊಂದು ಔಷಧ ಬೇಕೇ ಎಂಬುದನ್ನು ಅಲ್ಲಿಯ ವೈದ್ಯರು ಗುರುತು ನೋಡಿ ತೀರ್ಮಾನಿಸುತ್ತಾರೆ. ಈ ಸಂಚಿಕೆ ನಿಮ್ಮ ಕೈ ಸೇರಿದ ಮರುದಿನವೇ ಹೋಗಿ. ಹಾಗೆಂದು, ಈಗ ನಿಮಗೆ ಆಗುತ್ತಿರುವುದು ರೇಬೀಸ್ ಅಲ್ಲ. ಅದು ಒಮ್ಮೆ ಲಕ್ಷಣ ತೋರಿದರೆ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುವ ಕಾಯಿಲೆ, ನಾಲ್ಕು ತಿಂಗಳು ಎಳೆಯುವಂಥದ್ದಲ್ಲ. ನಾಯಿ ಕಚ್ಚಿದವರು ನಾಯಿಯಂತೆ ಬೊಗಳುತ್ತಾರೆ ಎಂಬ ಮಾತನ್ನು ನಮ್ಮ ಕಡೆ ಕೇಳದೆ ಬೆಳೆದವರಿಲ್ಲ. ರೇಬೀಸ್ ಆದವರ ಗಂಟಲಿನ ಸ್ನಾಯುಗಳು ಸೆಟೆದು, ನೀರು ಕಂಡರೂ ಬಿಗಿದು, ಉಸಿರಿನ ಜೊತೆ ಗೊಗ್ಗರು ಸದ್ದು ಹೊರಡುತ್ತದೆ; ಹೆದರಿದ ಬಂಧುಗಳ ಕಿವಿಗೆ ಅದು ಬೊಗಳಿದಂತೆ ಕೇಳಿಸಿದೆ. ಕಚ್ಚಿದ ಪ್ರಾಣಿಯ ಗುಣ ಕಚ್ಚಿಸಿಕೊಂಡವನ ಮೈಗೆ ಇಳಿಯುತ್ತದೆ ಎಂಬ ಭಯಕ್ಕೆ ಇದೂ ಒಂದು ಮೂಲವಿರಬೇಕೆಂದು ನನಗೆ ತೋರುತ್ತದೆ.

ಇನ್ನು ನಿಮ್ಮ ಕಣ್ಣು. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ದಾರಿ ಕಾಣುವುದು ನಿಜವಾಗಿಯೂ ಆಗುತ್ತಿರಬಹುದು, ಮತ್ತು ಅದು ಮನುಷ್ಯರೆಲ್ಲರ ಕಣ್ಣಿನಲ್ಲಿ ಇರುವ ಶಕ್ತಿಯೇ. ಕಣ್ಣಿನ ಹಿಂಗೋಡೆಯಾದ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಜಾತಿಯ ಕೋಶಗಳಿವೆ. ಶಂಕುವಿನ ಆಕಾರದವು ಸುಮಾರು 60 ಲಕ್ಷ. ಅವು ಹಗಲಿನ ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ತೋರಿಸುತ್ತವೆ. ಕಡ್ಡಿಯ ಆಕಾರದವು ಸುಮಾರು 12 ಕೋಟಿ. ಅವುಗಳಿಗೆ ಬಣ್ಣ ತಿಳಿಯದು, ಆದರೆ ಅತ್ಯಂತ ಕ್ಷೀಣವಾದ ಬೆಳಕು ಸಾಕು. ಈ ಕಡ್ಡಿಕೋಶಗಳಲ್ಲಿ ರೋಡಾಪ್ಸಿನ್ ಎಂಬ ಕೆನ್ನೇರಳೆ ಬಣ್ಣದ ವಸ್ತುವಿದೆ. ಎ ಜೀವಸತ್ವದಿಂದ ತಯಾರಾಗುವ ಅದು ಹೆಚ್ಚು ಬೆಳಕು ಬಿದ್ದ ಕೂಡಲೇ ಬಿಳಿಚಿಕೊಳ್ಳುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಪೂರ್ತಿ ತುಂಬಿಕೊಳ್ಳಲು 30ರಿಂದ 40 ನಿಮಿಷ ಬೇಕು. ನೀವು ಮೊದಲು ಹತ್ತು ನಿಮಿಷಕ್ಕೊಮ್ಮೆ ಬ್ಯಾಟರಿ ಹಾಕಿ ಹಟ್ಟಿಯ ಸುತ್ತ ನೋಡುತ್ತಿದ್ದಿರಿ, ನಡುನಡುವೆ ಮೊಬೈಲು ತೆರೆಯುತ್ತಿದ್ದಿರಿ ಎಂದಿಟ್ಟುಕೊಳ್ಳಿ. ಒಂದೊಂದು ಸಲ ಬೆಳಕು ಹಾಕಿದಾಗಲೂ ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ಮೊದಲಿನಿಂದ ತುಂಬಿಸಿದಂತಾಗುತ್ತಿತ್ತು. ಈಗ ಬೆಳಕಿಗೆ ಹೆದರಿ, ಬ್ಯಾಟರಿಯನ್ನು ಬಿಟ್ಟು, ಹಟ್ಟಿಯಿಂದ ದೂರ, ಇಡೀ ರಾತ್ರಿ ಕತ್ತಲಲ್ಲೇ ಇರುತ್ತೀರಿ. ಕಣ್ಣು ತನ್ನ ಪೂರ್ಣ ಸಾಮರ್ಥ್ಯವನ್ನು ತೋರಿಸಿದೆ. ವಿದ್ಯುತ್ ದೀಪ ಬರುವ ಮೊದಲು ಬೇಸಾಯದವರೂ ಕುರಿಗಾರರೂ ಚುಕ್ಕೆಗಳ ಬೆಳಕಿನಲ್ಲೇ ಊರಿಂದೂರಿಗೆ ನಡೆಯುತ್ತಿದ್ದರು. ನಿಮ್ಮ ಅಜ್ಜ ನಡೆದ ದಾರಿಯನ್ನೇ ಈಗ ನೀವು ಮತ್ತೆ ಕಂಡುಕೊಂಡಿದ್ದೀರಿ.

ಇರುಳ ನೋಟದ ಸ್ವಭಾವವೇ ಹಗಲಿನದಕ್ಕಿಂತ ಬೇರೆ, ಅದನ್ನು ಅರಿಯದವರಿಗೆ ಅದು ವಿಚಿತ್ರವಾಗಿ ತೋರುವುದು ಸಹಜ. ಮುಸ್ಸಂಜೆಯಲ್ಲಿ ಕಣದಲ್ಲಿ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿಯ ರಾಶಿಯನ್ನು ಗಮನಿಸಿ. ಹಗಲೆಲ್ಲ ಬೆಂಕಿಯಂತೆ ಹೊಳೆಯುತ್ತಿದ್ದ ರಾಶಿ ಕತ್ತಲಾಗುತ್ತ ಬಂದಂತೆ ಕಪ್ಪಗಾಗುತ್ತದೆ. ಪಕ್ಕದ ಬದುವಿನ ಹಸಿರು ಸೊಪ್ಪು ಮಾತ್ರ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಕಡ್ಡಿಕೋಶಗಳಿಗೆ ಕೆಂಪು ಬೆಳಕು ತಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ, ನೀಲಿ-ಹಸಿರು ಬೆಳಕು ಚೆನ್ನಾಗಿ ತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿ ಬರೆದ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯ ಹೆಸರಿನಲ್ಲೇ ಈ ಬದಲಾವಣೆಯನ್ನು ಇಂದಿಗೂ ಕರೆಯುತ್ತಾರೆ. ಇನ್ನೊಂದು ವಿಷಯವನ್ನೂ ನೀವು ಕಂಡಿರಬೇಕು: ಕತ್ತಲಲ್ಲಿ ಮರಿಯನ್ನು ನೆಟ್ಟಗೆ ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಕಾಣುತ್ತದೆ. ಅಕ್ಷಿಪಟಲದ ನಟ್ಟನಡುವೆ ಕಡ್ಡಿಕೋಶಗಳಿಲ್ಲದಿರುವುದೇ ಇದಕ್ಕೆ ಕಾರಣ. ಒಂಟಿ ಕಲ್ಲನ್ನೋ ಚುಕ್ಕಿಯನ್ನೋ ಬಹಳ ಹೊತ್ತು ನೋಡುತ್ತ ಕುಳಿತರೆ ಅದು ಅಲುಗಾಡಿದಂತೆಯೂ ಕಾಣುತ್ತದೆ. ಕಡ್ಡಿಕೋಶಗಳು ಕೊಡುವ ಚಿತ್ರದಲ್ಲಿ ವಿವರ ಕಡಿಮೆ, ಕೊರತೆಯನ್ನು ಮಿದುಳು ತಾನಾಗಿ ತುಂಬುತ್ತದೆ. ನಿದ್ದೆಗೆಟ್ಟ, ಹೆದರಿದ ಮಿದುಳು ತುಂಬುವುದು ಹೆಚ್ಚಾಗಿ ತನ್ನ ಹೆದರಿಕೆಯನ್ನೇ.

ತೋಳದ ಕಣ್ಣಿಗೂ ನಮ್ಮ ಕಣ್ಣಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ನಿಮಗಿಂತ ಹೆಚ್ಚು ಸಲ ನೋಡಿದವರು ಕಡಿಮೆ. ಹಟ್ಟಿಯ ಮೇಲೆ ಬ್ಯಾಟರಿ ಬಿಟ್ಟಾಗ ನೂರಾರು ಕುರಿಗಳ ಕಣ್ಣು ಒಟ್ಟಿಗೆ ಮಿಂಚುತ್ತವೆ, ನಾಯಿಯದೂ ಮಿಂಚುತ್ತದೆ, ಬಂಕಾಪುರದ ತೋಳಧಾಮದ ಕಡೆಯಿಂದ ಬರುವ ತೋಳದ್ದೂ ಮಿಂಚುತ್ತದೆ. ಇವುಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಒಮ್ಮೆ ಒಳಹೊಕ್ಕ ಬೆಳಕನ್ನು ಅದು ಹಿಂದಕ್ಕೆ ಎರಚಿ, ಕೋಶಗಳಿಗೆ ಎರಡನೆಯ ಅವಕಾಶ ಕೊಡುತ್ತದೆ. ಮನುಷ್ಯರಲ್ಲಿ ಆ ಪದರವಿಲ್ಲ. ಅದು ಗರ್ಭದಲ್ಲೇ ಮೊಳೆತು ಎಳೆತನದಲ್ಲಿ ಪೂರ್ತಿಯಾಗಬೇಕಾದ ಅಂಗಾಂಶ. ಹಲ್ಲು ತಾಗಿದ್ದರಿಂದಾಗಲಿ, ರಕ್ತದಿಂದಾಗಲಿ, ನಾಲ್ಕು ತಿಂಗಳಲ್ಲಾಗಲಿ ಬೆಳೆದ ಕಣ್ಣಿನೊಳಗೆ ಮೂಡಲಾರದು. ಪರೀಕ್ಷೆಯ ಯಂತ್ರದಲ್ಲಿ ನೋಡಿದ ಕಣ್ಣಿನ ವೈದ್ಯರು ನಿಮ್ಮ ಅಕ್ಷಿಪಟಲದ ಚಿತ್ರವನ್ನೇ ನಿಮಗೆ ತೋರಿಸಬಲ್ಲರು. ಕೇಳಿ ನೋಡಿಕೊಳ್ಳಿ.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಮಾವಾಸ್ಯೆಯ ಮಾತು. ಅಮಾವಾಸ್ಯೆಗೆ ಉಂಡೆ ನುಂಗುತ್ತೀರಿ. ಅಮಾವಾಸ್ಯೆಯ ಆಸುಪಾಸಿನಲ್ಲೇ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಆ ಉಂಡೆಯಲ್ಲಿ ಏನಿದೆಯೆಂದು ನೋಡದೆ ನಾನು ಹೇಳುವಂತಿಲ್ಲ, ಕೊಟ್ಟ ಹಿರಿಯರ ಮೇಲೆ ತಪ್ಪು ಹೊರಿಸುವ ಇಚ್ಛೆಯೂ ನನಗಿಲ್ಲ. ಆದರೆ ಹುಚ್ಚುನಾಯಿಯ ಕಡಿತಕ್ಕೆ ಉಮ್ಮತ್ತಿಯನ್ನು, ಅಂದರೆ ದತ್ತೂರಿಯನ್ನು, ಬಳಸುವ ನಾಟಿ ಪದ್ಧತಿ ಬಹಳ ಹಳೆಯದು. ಅದರ ಎಲೆ, ಕಾಯಿ, ಬೀಜ ಎಲ್ಲದರಲ್ಲೂ ಆಟ್ರೊಪಿನ್ ಮತ್ತು ಸ್ಕೊಪೊಲಮಿನ್ ಎಂಬ ವಸ್ತುಗಳಿವೆ. ಇವು ದೇಹ ಸೇರಿದರೆ ಕಣ್ಣಿನ ಪಾಪೆ ಅಗಲವಾಗಿ ತೆರೆದು, ಬೆಳಕಿಗೆ ಕುಗ್ಗದೆ ನಿಲ್ಲುತ್ತದೆ. ಬಿಸಿಲಿನಲ್ಲಿ ಎರಡು ಮಿಲಿಮೀಟರಿನಷ್ಟು ಇರಬೇಕಾದ ಪಾಪೆ ಏಳೆಂಟು ಮಿಲಿಮೀಟರ್ ಆದರೆ ಒಳಬರುವ ಬೆಳಕು ಹತ್ತು ಹದಿನೈದು ಪಟ್ಟಾಗುತ್ತದೆ. ಕಣ್ಣು ತೆರೆಯಲಾಗದಿರುವುದು ಅದಕ್ಕೇ. ಹತ್ತಿರದ್ದನ್ನು ನೋಡುವಾಗ ಕಣ್ಣಿನ ಮಸೂರವನ್ನು ಹೊಂದಿಸುವ ಸ್ನಾಯು ಸೋಲುವುದರಿಂದ ಮೊಬೈಲಿನ ಅಕ್ಷರ ಕಲಸಿಹೋಗುತ್ತದೆ. ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೂತ್ರ ಕಟ್ಟುತ್ತದೆ. ಪ್ರಮಾಣ ಹೆಚ್ಚಾದರೆ ಇಲ್ಲದ್ದು ಕಾಣುವುದು, ತನ್ನ ಮೈ ತನ್ನದಲ್ಲವೆನಿಸುವುದು, ಬುದ್ಧಿ ಕದಡುವುದು, ಪ್ರಾಣಾಪಾಯ ಎಲ್ಲವೂ ಸಾಧ್ಯ. ಉಳಿದ ಉಂಡೆಗಳನ್ನು ಇನ್ನು ನುಂಗಬೇಡಿ, ಎಸೆಯಲೂ ಬೇಡಿ. ಕಾಗದದಲ್ಲಿ ಕಟ್ಟಿಕೊಂಡು ವೈದ್ಯರಿಗೆ ತೋರಿಸಿ. ಇದರ ಜೊತೆಗೆ ಗಾಂಜಾ, ನಿದ್ದೆಗೆಡಲು ತೆಗೆದುಕೊಳ್ಳುವ ಮಾತ್ರೆ, ಮೈ ಬೆಳೆಸುವ ಪುಡಿ ಯಾವುದಾದರೂ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹೇಳಿದ್ದಕ್ಕಾಗಿ ಯಾವ ವೈದ್ಯರೂ ನಿಮ್ಮನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲ.

ಕೂದಲಿನ ವಿಷಯವನ್ನು ಬೇಗ ಮುಗಿಸುತ್ತೇನೆ: ಗಂಡಸರ ಎದೆ, ತೋಳು, ಬೆನ್ನಿನ ಕೂದಲು ಇಪ್ಪತ್ತರ ಹರೆಯ ದಾಟುವವರೆಗೂ, ಆಮೇಲೂ, ದಟ್ಟವಾಗುತ್ತಲೇ ಹೋಗುತ್ತದೆ. ನಾಲಿಗೆಯಿಂದ ದಿನಕ್ಕೆ ಹತ್ತು ಸಲ ಮುಟ್ಟಿ ನೋಡುವ ಹಲ್ಲು ಚೂಪಾಗಿಯೇ ತಿಳಿಯುತ್ತದೆ. ಹಾಗೆಂದು ಮೈ ಬದಲಾಗುತ್ತಿದೆ ಎನ್ನುವವರ ಮಾತನ್ನು ವೈದ್ಯರು ಸುಮ್ಮನೆ ತಳ್ಳಿಹಾಕಬಾರದು, ಏಕೆಂದರೆ ನಿಜವಾಗಿಯೂ ಮೈ ಬದಲಾಯಿಸುವ ಕಾಯಿಲೆಗಳಿವೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸುರಿದರೆ ದವಡೆ ಮುಂದಕ್ಕೆ ಬರುತ್ತದೆ, ಹಲ್ಲುಗಳ ನಡುವೆ ಸಂದು ಬೀಳುತ್ತದೆ, ಅಂಗೈ ಅಂಗಾಲು ದೊಡ್ಡವಾಗುತ್ತವೆ, ಮತ್ತು ಗಡ್ಡೆ ಕಣ್ಣಿನ ನರಗಳನ್ನು ಒತ್ತಿ ಅಕ್ಕಪಕ್ಕದ ನೋಟವನ್ನು ಕಸಿಯುತ್ತದೆ. 1886ರಲ್ಲಿ ಪಿಯರ್ ಮರಿ ಎಂಬ ಫ್ರೆಂಚ್ ವೈದ್ಯ ಇದಕ್ಕೆ ಅಕ್ರೊಮೆಗಲಿ ಎಂದು ಹೆಸರಿಟ್ಟ. ಇದನ್ನು ಶಂಕಿಸಲು ದುಬಾರಿ ಯಂತ್ರ ಬೇಡ: ಎರಡು ಮೂರು ವರ್ಷದ ಹಿಂದಿನ ಚಪ್ಪಲಿಯೂ ಬೆರಳಿನ ಉಂಗುರವೂ ಈಗ ಹಿಡಿಯುತ್ತವೆಯೇ, ಹಳೆಯ ಆಧಾರ್ ಕಾರ್ಡಿನ ಫೋಟೊದಲ್ಲಿರುವ ದವಡೆಗೂ ಈಗಿನದಕ್ಕೂ ವ್ಯತ್ಯಾಸವಿದೆಯೇ ಎಂದು ಮನೆಯವರೊಬ್ಬರು ಹಗಲಿನ ಬೆಳಕಿನಲ್ಲಿ ನೋಡಲಿ. ಚಪ್ಪಲಿ ಹಿಡಿಯುತ್ತಿದ್ದರೆ ಆ ಮಟ್ಟಿಗೆ ಎಲುಬು ಬದಲಾಗಿಲ್ಲ.

ಬುಡ್ಡಿದೀಪದ ಕನ್ನಡಿಯಲ್ಲಿ ನೀವು ಕಂಡದ್ದನ್ನು ಇಟಲಿಯ ಮನೋವಿಜ್ಞಾನಿ ಜೋವಾನ್ನಿ ಕಪೂತೊ 2010ರಲ್ಲಿ ಆರೋಗ್ಯವಂತರ ಮೇಲೆ ಪರೀಕ್ಷಿಸಿ ಪ್ರಕಟಿಸಿದ್ದಾರೆ. 50 ಜನರನ್ನು ಮಬ್ಬು ದೀಪವಿದ್ದ ಕೋಣೆಯಲ್ಲಿ ಹತ್ತು ನಿಮಿಷ ತಮ್ಮ ಪ್ರತಿಬಿಂಬವನ್ನೇ ದಿಟ್ಟಿಸುವಂತೆ ಕೂರಿಸಿದರು. ಅವರಲ್ಲಿ 66 ಶೇಕಡ ಜನರಿಗೆ ತಮ್ಮ ಮುಖ ವಿಪರೀತವಾಗಿ ವಿಕಾರಗೊಂಡಂತೆ ಕಂಡಿತು. 18 ಶೇಕಡ ಜನರಿಗೆ ಬೆಕ್ಕು, ಹಂದಿ, ಸಿಂಹದಂಥ ಪ್ರಾಣಿಯ ಮುಖ ಕಂಡಿತು. ಅವರಿಗೆ ಯಾವ ಪ್ರಾಣಿಯೂ ಕಚ್ಚಿರಲಿಲ್ಲ. ಅಲುಗಾಡದೆ ದಿಟ್ಟಿಸಿದ್ದನ್ನು ಕಣ್ಣು ಮೆಲ್ಲಗೆ ಅಳಿಸಿಹಾಕುತ್ತದೆ, ಅಳಿದ ಜಾಗಕ್ಕೆ ಮಿದುಳು ಬೇರೆ ಮುಖವನ್ನು ಕಟ್ಟುತ್ತದೆ. ಇನ್ನು ಮೇಲೆ ರಾತ್ರಿ ಕನ್ನಡಿ ನೋಡಬೇಡಿ. ನಾಯಿಗಳ ಮಾತು ಬಂದಿದ್ದರಿಂದ ಹೇಳುತ್ತೇನೆ: ಬ್ಯಾಟರಿಯಿಲ್ಲದೆ, ಮಾತನಾಡದೆ, ಕತ್ತಲ ಕಡೆಯಿಂದ ಹಟ್ಟಿಗೆ ಬರುವವನನ್ನು ಕಂಡು ಗುರುಗುಟ್ಟುವುದೇ ಕಾವಲು ನಾಯಿಯ ಕೆಲಸ. ದೂರದಿಂದಲೇ ಅವುಗಳ ಹೆಸರು ಹಿಡಿದು ಕರೆಯಿರಿ.

ಇಷ್ಟೆಲ್ಲ ಹೇಳಿದ ಮೇಲೂ, ‘ಆದರೂ ನಾನು ತೋಳವಾಗುತ್ತಿದ್ದೇನೆ’ ಎಂಬ ನಂಬಿಕೆ ನಿಮ್ಮೊಳಗೆ ಕದಲದೆ ಕುಳಿತಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ವಾದದಿಂದ ಕರಗದಿರುವುದೇ ಅಂಥ ನಂಬಿಕೆಯ ಲಕ್ಷಣ, ಮತ್ತು ಅದಕ್ಕೆ ನೀವು ಹೊಣೆಯಲ್ಲ. ತಾನು ಪ್ರಾಣಿಯಾಗುತ್ತಿದ್ದೇನೆ ಎಂಬ ದೃಢ ಭ್ರಮೆಗೆ ವೈದ್ಯಕೀಯದಲ್ಲಿ ಲೈಕಾಂತ್ರೊಪಿ ಎಂಬ ಹೆಸರಿದೆ. ಡಚ್ ಮನೋವೈದ್ಯ ಯಾನ್ ಡಿರ್ಕ್ ಬ್ಲೋಮ್ 2014ರಲ್ಲಿ ಹಳೆಯ ವರದಿಗಳನ್ನೆಲ್ಲ ಜಾಲಾಡಿದಾಗ, 1850ರಿಂದ ಈಚೆಗೆ ಪ್ರಾಣಿಯಾಗುವ ಭ್ರಮೆಯ 56 ಪ್ರಕರಣಗಳು ಮಾತ್ರ ಸಿಕ್ಕವು. ಅವುಗಳಲ್ಲಿ ತೋಳದ ಭ್ರಮೆ 13. ಅದು ತಾನೇ ಒಂದು ಕಾಯಿಲೆಯಲ್ಲ. ತೀವ್ರ ಖಿನ್ನತೆ, ಮನಸ್ಸು ಏರುಪೇರಾಗುವ ಬೈಪೋಲಾರ್ ಕಾಯಿಲೆ, ಸ್ಕಿಜೊಫ್ರೀನಿಯಾ, ಕೆಲವು ಬಗೆಯ ಅಪಸ್ಮಾರ, ಮಾದಕ ವಸ್ತು ಇವುಗಳ ಒಂದು ಲಕ್ಷಣವಾಗಿ ಅದು ಕಾಣಿಸಿಕೊಳ್ಳುತ್ತದೆ, ಮತ್ತು ಮೂಲ ಕಾಯಿಲೆಗೆ ಔಷಧ ಕೊಟ್ಟಾಗ ಅನೇಕರಲ್ಲಿ ಕರಗಿಹೋಗುತ್ತದೆ. ನಿಮಗೆ ಇದೇ ಆಗಿದೆಯೆಂದು ಪತ್ರ ಓದಿ ನಾನು ಹೇಳಲಾರೆ. ನಾಲ್ಕು ತಿಂಗಳ ನಿದ್ದೆಗೇಡು, ಗಾಯದ ಭಯ, ಉಂಡೆಯ ಪ್ರಭಾವ ಇಷ್ಟೇ ಸೇರಿ ಹೀಗಾಗಿರಲೂಬಹುದು. ಅದನ್ನು ಬೇರ್ಪಡಿಸಬಲ್ಲವರು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರು. ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋದರೆ ಲಸಿಕೆ, ಕಣ್ಣು, ಮನೋವೈದ್ಯ ಮೂರೂ ಒಂದೇ ದಿನಕ್ಕೆ ಮುಗಿಯಬಹುದು. ಬೆಳಿಗ್ಗೆಯೇ ಹೋಗಿ, ಜೊತೆಗೆ ಮನೆಯವರೊಬ್ಬರಿರಲಿ, ಅಲ್ಲಿಯವರೆಗೆ ರಾತ್ರಿಯ ಕಾವಲನ್ನು ಅಣ್ಣನಿಗೆ ಬಿಟ್ಟು ಮನೆಯೊಳಗೆ ಮಲಗಿ. ತನ್ನಿಂದ ಕುರಿಗೆ ಅಪಾಯವಾಗಬಾರದೆಂದು ದೂರ ಮಲಗಿದವರು ನೀವು; ಆ ಕಾಳಜಿಯಲ್ಲಿ ನನಗೆ ಕಾಣುವುದು ಕುರಿಗಾರನ ಮಗನೇ.

ಪ್ರಶ್ನೆ: (ಅದೇ ಲಕೋಟೆಯಲ್ಲಿದ್ದ ಇನ್ನೊಂದು ಚೀಟಿ) ಈ ಪತ್ರವನ್ನು ಅಂಚೆಗೆ ಹಾಕುತ್ತಿರುವ ನಾನು ಅವನ ಅತ್ತಿಗೆ. ಮೈದುನನಾದರೂ ಮಗನಂತೆ ಬೆಳೆಸಿದ್ದೇನೆ. ಹಿರಿಯರು ದೇವರಿಗೆ ಕರೆದೊಯ್ಯೋಣ ಎನ್ನುತ್ತಾರೆ. ನೆರೆಯವರೊಬ್ಬರು ಅಮಾವಾಸ್ಯೆಯ ರಾತ್ರಿ ಕಾಲಿಗೆ ಸರಪಳಿ ಹಾಕಿ ಎಂದರು. ಅವನು ಹೇಳುವಾಗ ನಾನು ಹೌದೆನ್ನಲೋ ಅಲ್ಲವೆನ್ನಲೋ?

ಉತ್ತರ: ಹೌದೆಂದೂ ಅನ್ನಬೇಡಿ, ಅಲ್ಲವೆಂದು ಜಗಳಕ್ಕೂ ನಿಲ್ಲಬೇಡಿ. ‘ನಿನಗೆ ಹಾಗೆ ಅನಿಸುತ್ತಿರುವುದು ನಿಜ, ಅದರಿಂದ ನಿನಗೆಷ್ಟು ಭಯವಾಗುತ್ತಿದೆಯೆಂದು ನನಗೆ ತಿಳಿಯುತ್ತದೆ, ನನ್ನ ಕಣ್ಣಿಗೆ ಮಾತ್ರ ನೀನು ನಮ್ಮ ಹುಡುಗನೇ’ ಎಂದು ನಿಮ್ಮ ಮಾತಿನಲ್ಲಿ, ನೀವು ದಿನಾ ಅವನಿಗೆ ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿ. ನಂಬಿಕೆಯ ಬಗ್ಗೆ ವಾದಿಸುವ ಬದಲು ನಿದ್ದೆಯ ಬಗ್ಗೆ, ಕಣ್ಣುನೋವಿನ ಬಗ್ಗೆ ಮಾತನಾಡಿ. ಅವುಗಳಿಗಾಗಿ ಆಸ್ಪತ್ರೆಗೆ ಹೋಗಲು ಅವನು ಒಪ್ಪುತ್ತಾನೆ. ಪತ್ರ ಬರೆದಿದ್ದಾನೆ ಎಂಬುದೇ ಅದಕ್ಕೆ ಸಾಕ್ಷಿ. ಅವನ ಕಣ್ಣಿನ ಪಾಪೆಯನ್ನು ಹಗಲಿನಲ್ಲಿ ನೆರಳಿನ ಕಡೆ ನಿಲ್ಲಿಸಿ ಒಮ್ಮೆ ನೋಡಿ. ಮನೆಯ ಇತರರ ಪಾಪೆಗಿಂತ ಬಹಳ ದೊಡ್ಡದಾಗಿದ್ದರೆ ಆ ಮಾತನ್ನು ವೈದ್ಯರಿಗೆ ಹೇಳಿ.

ಸರಪಳಿ ಬೇಡವೇ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಯವರನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಕಾಯ್ದೆಯ ಮಾತು ಹಾಗಿರಲಿ: ತಾನು ಪ್ರಾಣಿಯಾಗುತ್ತಿದ್ದೇನೆಂದು ನಡುಗುತ್ತಿರುವವನನ್ನು ಪ್ರಾಣಿಯಂತೆ ಕಟ್ಟಿಹಾಕಿದರೆ ಅವನ ಭಯಕ್ಕೆ ಮನೆಯವರೇ ಸಹಿ ಹಾಕಿದಂತಾಗುತ್ತದೆ.

ದೇವರಿಗೆ ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ, ಆಸ್ಪತ್ರೆಗೆ ಹೋಗಿ ಬಂದ ಮೇಲೆ ಹೋಗಿ. ನಿಮ್ಮ ಮನೆತನದವರು ಮೈಲಾರಲಿಂಗನ ಒಕ್ಕಲಾಗಿದ್ದರೆ ದೋಣಿ ಸೇವೆಯನ್ನು ನೋಡಿರುತ್ತೀರಿ. ಮೈಲಾರನ ಭಕ್ತನಾದ ಗೊರವಯ್ಯ ನಾಯಿಯಂತೆ ಬೊಗಳುತ್ತಾನೆ, ದೋಣಿ ಎಂಬ ಊಟದ ಪಾತ್ರೆಗೆ ಬಾಯಿ ಹಾಕಿ ಉಣ್ಣುತ್ತಾನೆ. ಸೇವೆ ಮುಗಿದ ಮೇಲೆ ಮುಖ ತೊಳೆದು, ಕಂಬಳಿ ಹೆಗಲಿಗೇರಿಸಿ, ಮಕ್ಕಳ ಜೊತೆ ಮಾತನಾಡುತ್ತ ಮನೆಗೆ ನಡೆಯುತ್ತಾನೆ. ಅದು ಭಕ್ತಿ: ಊರೆಲ್ಲ ಒಪ್ಪಿದ, ಹೊತ್ತುಗೊತ್ತು ಇರುವ, ತಾನಾಗಿ ಒಳಹೋಗಿ ತಾನಾಗಿ ಹೊರಬರುವ ಸೇವೆ. ನಿಮ್ಮ ಮೈದುನ ಒಂಟಿಯಾಗಿದ್ದಾನೆ, ಹೆದರಿದ್ದಾನೆ, ಹೊರಬರಲು ಅವನಿಗೆ ದಾರಿ ಕಾಣುತ್ತಿಲ್ಲ. ಈ ವ್ಯತ್ಯಾಸವನ್ನು ನಿಮ್ಮ ಹಿರಿಯರಿಗೆ ಹೇಳಿ ನೋಡಿ. ವೈದ್ಯರಿಗಿಂತ ಚೆನ್ನಾಗಿ ಅವರಿಗೇ ಅರ್ಥವಾಗುತ್ತದೆಂದು ನನ್ನ ಅನುಭವ.

ಮನೋವೈದ್ಯರೆಂದರೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕೆಂಬ ಹಿಂಜರಿಕೆ ಬೇಡ. 1980ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿ ತೋರಿಸಿದರು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವನ್ನೇ ಅಡಿಪಾಯವಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ನೆಲದಲ್ಲಿ ಹುಟ್ಟಿದ ಸೌಲಭ್ಯವನ್ನು ನಾವೇ ಬಳಸದೆ ಕೂರುವುದು ನನಗೆ ನೋವಿನ ಸಂಗತಿ. ಹೊರಡುವ ಮೊದಲು ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಕನ್ನಡದಲ್ಲಿ, ಹಣವಿಲ್ಲದೆ ಮಾತನಾಡುತ್ತಾರೆ. ಅವನು ಎರಡು ರಾತ್ರಿ ಸ್ವಲ್ಪವೂ ಮಲಗದಿದ್ದರೆ, ಊಟ ಬಿಟ್ಟರೆ, ಯಾರೋ ಆಜ್ಞೆ ಮಾಡುವ ದನಿ ಕೇಳುತ್ತಿದೆ ಎಂದರೆ, ತನ್ನನ್ನು ಮುಗಿಸಿಕೊಳ್ಳುವ ಮಾತಾಡಿದರೆ, ಬೆಳಗಾಗುವುದನ್ನು ಕಾಯದೆ ಆ ಹೊತ್ತಿನಲ್ಲೇ ಕರೆದೊಯ್ಯಿರಿ. ನೀರು ಕಂಡರೆ ಗಂಟಲು ಬಿಗಿಯುತ್ತದೆ ಎಂದರೂ ಹಾಗೆಯೇ.

ಪ್ರಶ್ನೆ: ನನಗೆ 41 ವರ್ಷ, ಹತ್ತಿ ಬೆಳೆಗಾರ. ಈ ವರ್ಷ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಕೆಲಸ ಹೆಚ್ಚಿತ್ತು. ಹೊಡೆದ ದಿನ ಸಂಜೆಯಾದರೆ ಮಬ್ಬು, ಬೆಳಕಿದ್ದರೂ ಕತ್ತಲೆಯೆನಿಸುತ್ತದೆ. ತೊಡೆ, ರೆಪ್ಪೆ, ತೋಳಿನ ಚರ್ಮದ ಕೆಳಗೆ ಏನೋ ಹರಿದಾಡಿದಂತಾಗುತ್ತದೆ. ಮೈಯೊಳಗೆ ಬೇರೊಂದು ಜೀವ ಸೇರಿದೆಯೇ ಎಂಬ ಭಯ. ಮನೆಯಲ್ಲಿ ಹೇಳಿಲ್ಲ.
— ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಮೇಲಿನ ಯುವಕನ ಪಾಪೆ ಅಗಲವಾಗಿರಬಹುದೆಂದು ಬರೆದೆ, ನಿಮ್ಮದು ಗುಂಡುಸೂಜಿಯ ತಲೆಯಷ್ಟು ಕುಗ್ಗಿರಬೇಕು. ಹತ್ತಿಗೆ ಹೊಡೆಯುವ ಔಷಧಗಳಲ್ಲಿ ಆರ್ಗನೊಫಾಸ್ಫೇಟ್ ಜಾತಿಯವು ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಿ, ನರಗಳ ಸಂದೇಶವನ್ನು ನಿಲ್ಲಿಸುವ ಕೊಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹರಿಯುತ್ತಲೇ ಇರುವುದರಿಂದ ಪಾಪೆ ಬಿಗಿದುಕೊಂಡು ಬೆಳಕು ಒಳಬರದೆ ಸಂಜೆಯೇ ಕತ್ತಲೆಯಾಗುತ್ತದೆ. ಸ್ನಾಯುವಿನ ಎಳೆಗಳು ತಾವಾಗಿ ಮಿಡಿಯುವುದರಿಂದ ಚರ್ಮದ ಕೆಳಗೆ ಹುಳು ಹರಿದಂತೆ ಕಾಣುತ್ತದೆ, ಅನಿಸುತ್ತದೆ. ನಿಮ್ಮ ಮೈಯೊಳಗೆ ಬೇರೆ ಜೀವ ಸೇರಿಲ್ಲ, ವಿಷ ಸೇರಿರುವ ಸಾಧ್ಯತೆ ಹೆಚ್ಚು.

ಜೊಲ್ಲು, ಬೆವರು, ಹೊಟ್ಟೆನುಲಿತ, ವಾಂತಿ, ಎದೆಯಲ್ಲಿ ಕಫ ಕಟ್ಟಿದಂತೆ ಉಸಿರುಗಟ್ಟುವುದು ಇವುಗಳಲ್ಲಿ ಯಾವುದು ಸೇರಿಕೊಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಡುವ ಮುಖ್ಯ ಮದ್ದು ಆಟ್ರೊಪಿನ್. ಉಮ್ಮತ್ತಿಯಲ್ಲಿರುವ ಅದೇ ವಸ್ತು, ಅಳತೆ ಬಲ್ಲವರ ಕೈಯಲ್ಲಿ ಪ್ರಾಣ ಉಳಿಸುತ್ತದೆ. ಆ ಚಿಕಿತ್ಸೆಯ ನಡುವೆ ಒಂದೆರಡು ದಿನ ರೋಗಿ ಬಡಬಡಿಸಿದರೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋದರೆ ಮನೆಯವರು ಗಾಬರಿಯಾಗಬಾರದು, ವೈದ್ಯರಿಗೆ ತಿಳಿಸಬೇಕು. ಈಗ ಅಷ್ಟು ತೀವ್ರವಾಗಿಲ್ಲದಿದ್ದರೂ ರಕ್ತದಲ್ಲಿ ಕೊಲಿನೆಸ್ಟರೇಸ್ ಮಟ್ಟವನ್ನು ನೋಡಿಸಿ, ಅದು ಸರಿಯಾಗುವವರೆಗೆ ಪಂಪು ಬೆನ್ನಿಗೇರಿಸಬೇಡಿ. ಹೋಗುವಾಗ ಬಳಸಿದ ಔಷಧದ ಡಬ್ಬಿಯ ಚೀಟಿಯನ್ನು ಜೊತೆಗೆ ಒಯ್ಯಿರಿ, ಇಲ್ಲವೇ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ. ಹೊಡೆದು ಬಂದ ಬಟ್ಟೆಯನ್ನು ಬಾಗಿಲ ಹೊರಗೇ ಬಿಚ್ಚಿ, ಮಕ್ಕಳ ಬಟ್ಟೆಯ ಜೊತೆ ಸೇರಿಸದೆ ಬೇರೆಯಾಗಿ ಒಗೆಯಬೇಕು. ಒಗೆಯುವವರು ನಿಮ್ಮ ಹೆಂಡತಿಯಾದರೆ ಅವರಿಗೂ ಸಂಜೆ ಮಬ್ಬಾಗುತ್ತದೆಯೇ ಎಂದು ಇಂದೇ ಕೇಳಿ. ಮನೆಯಲ್ಲಿ ಹೇಳದೆ ಇಟ್ಟುಕೊಂಡ ಮಾತನ್ನು ಆ ನೆಪದಲ್ಲಿ ಹೇಳಿಯೂಬಿಡಿ.